ಆದಿ ಕ್ರೈಸ್ತರು ತಪ್ಪು ಬೋಧನೆಗಳನ್ನು ಎದುರಿಸಿದ್ದು ಹೇಗೆ?

"ಸಭೆ (ಚರ್ಚ್) ತನಗೆ ಆಗದವರ ಬಾಯಿಯನ್ನು ಅಧಿಕಾರ ಬಳಸಿ ಮುಚ್ಚಿಸಿತು, ಅಲ್ವಾ?" ಅಂತ ಕೇಳಿದ್ದೀರಿ. ನಾಲ್ಕನೇ ಶತಮಾನದ ನಂತರ ಹಾಗೆ ಆಗಿದ್ದು ನಿಜ. ಆದರೆ ಎರಡನೇ ಶತಮಾನದಲ್ಲಿ ಅವರ ಕೈಯಲ್ಲಿ ಯಾವ ಅಧಿಕಾರವಿತ್ತು?

ಐರೇನಿಯಸ್ ಅವರನ್ನೇ ನೋಡಿ. ಈಗಿನ ಫ್ರಾನ್ಸಿನ ಲಿಯೋನ್ ಊರಿನ ಬಿಷಪ್. 177ರಲ್ಲಿ ಅದೇ ಊರಿನ ಕ್ರೈಸ್ತರನ್ನು ಹಿಂಸಿಸಿ ಕೊಂದರು. ಅಲ್ಲಿಯವರೆಗೆ ಬಿಷಪ್ ಆಗಿದ್ದ ಪೊಥಿನಸ್, ತೊಂಬತ್ತು ದಾಟಿದ ಮುದುಕರು, ಏಟು ತಿಂದು ಸೆರೆಯಲ್ಲೇ ಸತ್ತರು. ಅವರ ಜಾಗಕ್ಕೆ ಬಂದ ಐರೇನಿಯಸ್ ಸುಮಾರು 180ರಲ್ಲಿ ಕೂತು ಐದು ಭಾಗದ ಪುಸ್ತಕ ಬರೆದರು. ವಾದ ಬಿಟ್ಟರೆ ಅವರ ಹತ್ತಿರ ಬೇರೇನೂ ಇರಲಿಲ್ಲ.

ಎದುರಿಗಿದ್ದವರು ಅದೇ ಶತಮಾನದ ಬೋಧಕ ವ್ಯಾಲೆಂಟೈನಸ್‌ನ ಶಿಷ್ಯರು. ಅವರ ಪ್ರಕಾರ ಮೇಲೆ 30 ದಿವ್ಯ ಶಕ್ತಿಗಳಿವೆ, ಕೊನೆಯವಳಾದ ಸೋಫಿಯಾ ಎಡವಿದ್ದರಿಂದ ಈ ಲೋಕ ಆಯಿತು, ಇದನ್ನು ಮಾಡಿದವನು ಪರಮ ದೇವರಲ್ಲ. ಆಧಾರ? ಯೇಸು ಹೇಳಿದ ದ್ರಾಕ್ಷಿತೋಟದ ಕೂಲಿಯವರ ಸಾಮ್ಯ (ದೃಷ್ಟಾಂತ ಕಥೆ)! ಅಲ್ಲಿ ಆಳುಗಳನ್ನು ಕರೆದ ಗಂಟೆಗಳು ಒಂದು, ಮೂರು, ಆರು, ಒಂಬತ್ತು, ಹನ್ನೊಂದು. ಕೂಡಿಸಿ ನೋಡಿ, ಸರಿಯಾಗಿ 30.

ಇದಕ್ಕೆ ಐರೇನಿಯಸ್ ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ. ಒಳ್ಳೆಯ ಕಲಾವಿದನೊಬ್ಬ ಬೆಲೆಬಾಳುವ ಹರಳುಗಳನ್ನು ಜೋಡಿಸಿ ರಾಜನ ಚಿತ್ರ ಮಾಡಿದ್ದಾನೆ ಅಂದುಕೊಳ್ಳಿ. ಇನ್ನೊಬ್ಬ ಬಂದು ಹರಳನ್ನೆಲ್ಲ ಕಿತ್ತು, ಅವುಗಳಿಂದಲೇ ಒಂದು ನಾಯಿಯನ್ನೋ ನರಿಯನ್ನೋ ಒರಟಾಗಿ ಜೋಡಿಸಿ, "ಹರಳು ಅಸಲಿ ತಾನೇ, ಹಾಗಾದ್ರೆ ಇದೇ ರಾಜ" ಅಂತಾನೆ. ರಾಜನ ಮುಖ ಕಾಣದವರು ನಂಬಿಬಿಡುತ್ತಾರೆ. ಹಾಗೇ ಇವರು ತೋರಿಸುವ ಒಂದೊಂದು ಬೈಬಲ್ ವಚನವೂ ನಿಜವಾದದ್ದೇ, ಜೋಡಣೆ ಮಾತ್ರ ಸುಳ್ಳು.

ಹಾಗಾದರೆ ರಾಜನ ಮುಖ ಗೊತ್ತಿರುವವರು ಯಾರು? ಇಲ್ಲಿ ಅವರು ಸ್ಮಿರ್ನಾದ ಬಿಷಪ್ ಪಾಲಿಕಾರ್ಪ್ ಅವರ ಹೆಸರು ಹೇಳುತ್ತಾರೆ. ಯೇಸುವಿನ ಶಿಷ್ಯ ಯೋಹಾನನನ್ನು ಕಂಡಿದ್ದ ಪಾಲಿಕಾರ್ಪ್ ಎಲ್ಲಿ ಕೂತು ಮಾತಾಡುತ್ತಿದ್ದರು ಅನ್ನೋದೂ ನನಗೆ ನೆನಪಿದೆ ಎಂದು ಫ್ಲೋರಿನಸ್‌ಗೆ ಪತ್ರ ಬರೆಯುತ್ತಾರೆ. ಈ ಫ್ಲೋರಿನಸ್ ಕೂಡ ಒಂದು ಕಾಲದಲ್ಲಿ ಅದೇ ಪಾಲಿಕಾರ್ಪ್ ಹತ್ತಿರ ಇದ್ದವನು, ಆಮೇಲೆ ದಾರಿ ಬಿಟ್ಟವನು. ಎದುರಾಳಿಗಳು ಹೇಳುವ ಗುಟ್ಟಿನ ಜ್ಞಾನ ಅಂತ ಒಂದು ಇದ್ದಿದ್ದರೆ ಅಪೊಸ್ತಲರು (ಯೇಸುವಿನ ಮೊದಲ ಶಿಷ್ಯರು) ಅದನ್ನು ತಾವು ಸಭೆಗಳನ್ನೇ ಒಪ್ಪಿಸಿದ ಜನರಿಗೆ ಹೇಳದೆ ಬಿಡುತ್ತಿದ್ದರಾ ಅನ್ನೋದು ಐರೇನಿಯಸ್ ಅವರ ಇನ್ನೊಂದು ವಾದ.

ಎಲ್ಲ ವಾದವೂ ಗಟ್ಟಿಯಿಲ್ಲ. ಗಾಳಿ ನಾಲ್ಕು ದಿಕ್ಕಿನಿಂದ ಬೀಸುತ್ತದೆ, ಆದ್ದರಿಂದ ಯೇಸುವಿನ ಕಥೆ ಹೇಳುವ ಸುವಾರ್ತೆಗಳೂ ನಾಲ್ಕೇ ಅಂತಾರೆ. ಇದು ನನಗೆ ಒಪ್ಪಿಗೆಯಾಗಿಲ್ಲ.

ಎದುರಾಳಿಗಳ ಬಗ್ಗೆ ಸುಮ್ನೆ ಕಟ್ಟಿ ಬರೆದರಾ ಅನ್ನೋ ಅನುಮಾನ ನಿಮಗೆ ಬರಬಹುದು. ವ್ಯಾಲೆಂಟೈನಸ್‌ನ ಶಿಷ್ಯರ ಬರಹ ಓದಿ, ಅವರಲ್ಲಿ ಕೆಲವರ ಜೊತೆ ಮಾತಾಡಿಯೇ ಬರೆಯುತ್ತಿದ್ದೇನೆ ಎಂದು ಐರೇನಿಯಸ್ ಮೊದಲಲ್ಲೇ ಹೇಳುತ್ತಾರೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಹತ್ತಿರ ರೈತರಿಗೆ ಹಳೆಯ ಗ್ನಾಸ್ಟಿಕ್ (ಗುಟ್ಟಿನ ಜ್ಞಾನದಿಂದಲೇ ಬಿಡುಗಡೆ ಎನ್ನುವ ಇಂಥ ಪಂಥಗಳ) ಪುಸ್ತಕಗಳ ಕಟ್ಟು ಸಿಕ್ಕಿತು. ಅದರಲ್ಲಿ ಯೋಹಾನನ ಹೆಸರಿನ ಒಂದು ರಹಸ್ಯ ಗ್ರಂಥವಿದೆ. ಇನ್ನೊಂದು ಗುಂಪಿನ ಬೋಧನೆ ಅಂತ ಐರೇನಿಯಸ್ ಬರೆದಿಟ್ಟ ಸಾರಾಂಶವನ್ನು ಅದರ ಪಕ್ಕ ಇಟ್ಟು ಓದಿ, ಎಷ್ಟು ಹತ್ತಿರ ಹೋಲುತ್ತದೆ ಅಂತ ನಿಮಗೇ ಕಾಣುತ್ತದೆ.