ಸಂಕಟ: ಹೊಟ್ಟೆಯದೋ, ಎದೆಯದೋ, ಮನಸ್ಸಿನದೋ?

ಪ್ರಶ್ನೆ: ನನ್ನ ತಾಯಿನುಡಿ ಮಲಯಾಳಂ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ಕನ್ನಡದ ರೋಗಿಗಳು ‘ಸಂಕಟ ಆಗ್ತಿದೆ ಸಿಸ್ಟರ್’ ಅನ್ನುತ್ತಾರೆ. ನಮ್ಮಲ್ಲಿ ಸಂಕಟವೆಂದರೆ ದುಃಖ. ಇವರು ಹೇಳುತ್ತಿರುವುದೇನು? ಕೇಸ್‌ಶೀಟಿನಲ್ಲಿ ಏನೆಂದು ಬರೆದುಕೊಳ್ಳಲಿ?

ಉತ್ತರ: ಆಸ್ಪತ್ರೆಯಲ್ಲಿ ಈ ಮಾತು ಕೇಳಿದರೆ ಮೊದಲು ದೇಹದ ಕಡೆ ನೋಡಿ. ವಾಕರಿಕೆ, ಹೊಟ್ಟೆ ತೊಳಸುವುದು, ಎದೆಯುರಿ, ಎದೆ ಬಿಗಿತ, ಉಸಿರು ಕಟ್ಟಿದಂತಾಗುವುದು ಎಲ್ಲಕ್ಕೂ ಕನ್ನಡದ ಬಾಯಲ್ಲಿ ಬರುವುದು ಇದೊಂದೇ ಮಾತು. ಇಂಥಲ್ಲೇ ಎಂದು ಬೆರಳಿಟ್ಟು ತೋರಿಸಲಾಗದ ಒಳಗಿನ ಹಿಂಸೆಗೆ ಸಂಕಟ ಅನ್ನುತ್ತಾರೆ. ಕಾಲು ಮುರಿದವರು, ಕೈ ಕೊಯ್ದುಕೊಂಡವರು ‘ನೋವು’ ಎನ್ನುತ್ತಾರೆ, ‘ಸಂಕಟ’ ಎನ್ನುವುದಿಲ್ಲ.

ಹಾಗಾಗಿ ಆ ಪದವನ್ನು ಕೇಳಿದಂತೆಯೇ ಬರೆದು ಮುಂದಿನ ಮಂಚಕ್ಕೆ ಹೋಗಬೇಡಿ. ‘ಎಲ್ಲಿ ಸಂಕಟ, ಕೈಯಿಟ್ಟು ತೋರಿಸಿ’ ಎನ್ನಿ. ‘ವಾಂತಿ ಬರೋ ಹಾಗಿದೆಯಾ, ಉರೀತಿದೆಯಾ, ಹಿಡಿದ ಹಾಗಾಗ್ತಿದೆಯಾ?’ ಎಂದು ಬಿಡಿಬಿಡಿಯಾಗಿ ಕೇಳಿ. ಊಟಕ್ಕೆ ಮುಂಚೆಯೋ ಆಮೇಲೋ, ನಡೆದರೆ ಹೆಚ್ಚುತ್ತದೆಯೋ ಎಂಬುದೂ ಬೇಕು. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಹೆಂಗಸರಲ್ಲಿ ಹೃದಯಾಘಾತವು ಕೆಲವೊಮ್ಮೆ ಎದೆನೋವಾಗಿ ಕಾಣಿಸದೆ ಬರಿಯ ಸಂಕಟವಾಗಿ, ಬೆವರಾಗಿ, ಸುಸ್ತಾಗಿ ಕಾಣಿಸುತ್ತದೆ. ಸಂಕಟದ ಜೊತೆ ಬೆವರು ಕಿತ್ತುಕೊಂಡು ಬರುತ್ತಿದ್ದರೆ, ಎಡಗೈ, ದವಡೆ, ಬೆನ್ನಿಗೆ ಎಳೆತವಿದ್ದರೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದುಕೊಳ್ಳದೆ ಕೂಡಲೇ ಡಾಕ್ಟರನ್ನು ಕರೆದು ಇ.ಸಿ.ಜಿ. ಮಾಡಿಸಿ.

ಮನಸ್ಸಿನ ಸಂಕಟವೂ ನಮ್ಮಲ್ಲಿದೆ. ಅದನ್ನು ಹೇಳುವವರು ಸಾಮಾನ್ಯವಾಗಿ ಕಾರಣವನ್ನು ಸೇರಿಸಿಯೇ ಹೇಳುತ್ತಾರೆ: ‘ಮಗೂನ ನೋಡಿದ್ರೆ ಸಂಕಟ ಆಗುತ್ತೆ’, ‘ಅವರ ಮಾತು ಕೇಳಿ ಸಂಕಟವಾಯಿತು’. ನೋಡಿ, ಕೇಳಿ, ನೆನೆದು ಎಂಬ ಕ್ರಿಯಾಪದ ಹಿಂದಿದ್ದರೆ ಮನಸ್ಸಿನದು; ‘ಬೆಳಗಿನಿಂದ’, ‘ಮಾತ್ರೆ ತಗೊಂಡ ಮೇಲೆ’ ಎಂದಿದ್ದರೆ ಬಹುಮಟ್ಟಿಗೆ ದೇಹದ್ದು. ‘ಸಂಕಟಪಡು’ ಎಂಬ ರೂಪ ಮನಸ್ಸಿನ ಕಡೆಗೇ ಹೆಚ್ಚು ವಾಲುತ್ತದೆ. ‘ಸಂಕಟ ಬಂದಾಗ ವೆಂಕಟರಮಣ’ ಎಂಬ ಗಾದೆಯಲ್ಲಿ ಮಾತ್ರ ಅದು ಹೊರಗಿನಿಂದ ಬಂದೆರಗುವ ಕಷ್ಟ. ಆಗುವ ಸಂಕಟ ಬೇರೆ, ಬರುವ ಸಂಕಟ ಬೇರೆ. ಪಕ್ಕದ ತಮಿಳಿನಲ್ಲಿ ಇದೇ ಪದಕ್ಕೆ ಮುಜುಗರದ ಛಾಯೆಯೂ ಉಂಟು. ತಮಿಳು ಮಾತನಾಡುವ ರೋಗಿಗಳಿದ್ದರೆ ನೆನಪಿರಲಿ.

ಪ್ರಶ್ನೆ: ಧರ್ಮಸಂಕಟ, ಉಭಯಸಂಕಟ, ಇಕ್ಕಟ್ಟು ಒಂದೇ ಅಲ್ಲವೇ? ಯಾವುದನ್ನು ಎಲ್ಲಿ ಬಳಸಬೇಕು? (ಪಿಯು ಉಪನ್ಯಾಸಕರು, ಹಾಸನ)

ಉತ್ತರ: ಮೂರರ ಬೇರೂ ಇಕ್ಕಟ್ಟಾದ ಜಾಗವೇ. ಸಂಸ್ಕೃತದಲ್ಲಿ ‘ಸಂಕಟ’ದ ಮೊದಲ ಅರ್ಥ ಕಿರಿದಾದ, ಒತ್ತೊತ್ತಾದ, ಸಂದಣಿಯ ಎಂದು, ಅಮರಕೋಶ ಅದನ್ನು ‘ಸಂಬಾಧ’ದ ಜೊತೆಗಿಡುತ್ತದೆ. ಪಾಣಿನಿಯ 5.2.29ನೆಯ ಸೂತ್ರದಂತೆ ‘ಸಂ’ ಉಪಸರ್ಗಕ್ಕೆ ‘ಕಟ’ ಪ್ರತ್ಯಯ ಹತ್ತಿ ಈ ಪದವಾಯಿತು. ಪ್ರಕಟ, ಉತ್ಕಟ, ವಿಕಟ ಇದರ ಒಡಹುಟ್ಟುಗಳು. ದಾರಿಯ ಇರುಕು ಬದುಕಿನ ಇರುಕಾಗಿ, ಕನ್ನಡಕ್ಕೆ ಬಂದಮೇಲೆ ಕರುಳಿನ ಇರುಕೂ ಆಗಿದೆ. ಸಂಕಟಕ್ಕೆ ‘ಸಿಲುಕುತ್ತೇವೆ’, ಸಂಕಟದಿಂದ ‘ಪಾರಾಗುತ್ತೇವೆ’ ಎನ್ನುವುದು ಅದರ ಗುರುತು. ನಮ್ಮ ‘ಇಕ್ಕಟ್ಟು’ ಕೂಡ ಹಾಗೆಯೇ: ಓಣಿಯೂ ಇಕ್ಕಟ್ಟು, ಪರಿಸ್ಥಿತಿಯೂ ಇಕ್ಕಟ್ಟು.

ವ್ಯತ್ಯಾಸ ಇಷ್ಟು. ಯಾವ ಕಡೆ ಹೋದರೂ ನಷ್ಟ ಎಂಬಲ್ಲಿ ಉಭಯಸಂಕಟ. ಹಳಬರು ‘ಅತ್ತ ದರಿ ಇತ್ತ ಪುಲಿ’ ಅಂದದ್ದು ಇದನ್ನೇ. ಎರಡು ಕಡೆಯೂ ಕರ್ತವ್ಯವೇ ಇದ್ದು, ಒಂದನ್ನು ಪಾಲಿಸಿದರೆ ಇನ್ನೊಂದಕ್ಕೆ ದ್ರೋಹವಾಗುವಲ್ಲಿ ಮಾತ್ರ ಧರ್ಮಸಂಕಟ. ಹುಟ್ಟಿನ ಗುಟ್ಟು ತಿಳಿದ ಮೇಲೆ ಅನ್ನವಿಟ್ಟ ದುರ್ಯೋಧನನಿಗೂ ಒಡಹುಟ್ಟಿದ ಪಾಂಡವರಿಗೂ ನಡುವೆ ನಿಂತ ಕರ್ಣನದು ಧರ್ಮಸಂಕಟ. ಎರಡು ಮದುವೆಗೆ ಒಂದೇ ದಿನ ಕರೆ ಬಂದರೆ ಅದು ಬರಿಯ ಇಕ್ಕಟ್ಟು. ಅಲ್ಲೆಲ್ಲ ಧರ್ಮಸಂಕಟ ಎಂದು ಬರೆದರೆ ಒಳ್ಳೆಯ ಪದವೊಂದು ಸವೆದುಹೋಗುತ್ತದೆ.

ಪ್ರಶ್ನೆ: ಹಿಂದಿಯಿಂದ ಸುದ್ದಿ ಅನುವಾದಿಸುವಾಗ ‘ಜಲಸಂಕಟ’ ಎಂದು ಬರೆಯಬಹುದೇ? ‘ಸಂಕಷ್ಟ’ ಸರಿಯೋ ‘ಸಂಕಷ್ಠ’ ಸರಿಯೋ? (ಉಪಸಂಪಾದಕಿ, ಬೆಂಗಳೂರು)

ಉತ್ತರ: ಬರೆಯಬೇಡಿ. ಹಿಂದಿಯ ಸಂಕಟ ವಿಪತ್ತು, ಬಿಕ್ಕಟ್ಟು. ಕನ್ನಡದ ಓದುಗನಿಗೆ ‘ಜಲಸಂಕಟ’ ಹೊಟ್ಟೆಯಲ್ಲಿ ನೀರು ಕುಲುಕಾಡಿದ ಹಾಗೆ ಕೇಳಿಸೀತು. ನೀರಿನ ಅಭಾವ, ನೀರಿಗೆ ಹಾಹಾಕಾರ, ಆರ್ಥಿಕ ಬಿಕ್ಕಟ್ಟು ಎನ್ನಿ. ಆ ಬಿಕ್ಕಟ್ಟಿನಿಂದ ಜನ ಅನುಭವಿಸುವುದನ್ನು ಹೇಳಬೇಕಾದಾಗ ‘ಸಂಕಷ್ಟ’ ಸರಿಹೊಂದುತ್ತದೆ: ಬೆಲೆ ಕುಸಿತ ಬಿಕ್ಕಟ್ಟು, ಬೆಳೆಗಾರ ಪಡುವುದು ಸಂಕಷ್ಟ.

ಕಾಗುಣಿತದಲ್ಲಿ ‘ಷ್ಟ’ವೇ ಸರಿ. ಕಷ್ಟ, ನಷ್ಟ, ಶಿಷ್ಟ, ದೃಷ್ಟಿ ಇವುಗಳಲ್ಲಿ ಪ್ರತ್ಯಯದ ತಕಾರ ಷಕಾರದ ಸಂಗದಿಂದ ಟಕಾರವಾಗಿದೆ. ಮಹಾಪ್ರಾಣಕ್ಕೆ ಕಾರಣವೇ ಇಲ್ಲ. ‘ಷ್ಠ’ ಬರುವುದು ‘ಸ್ಥಾ’ ಧಾತುವಿನ ನಿಷ್ಠೆ, ಪ್ರತಿಷ್ಠೆ, ಅನುಷ್ಠಾನಗಳಲ್ಲಿ, ಅತಿಶಯ ಹೇಳುವ ಕನಿಷ್ಠ, ಗರಿಷ್ಠ, ಶ್ರೇಷ್ಠಗಳಲ್ಲಿ, ಮತ್ತೆ ಓಷ್ಠ, ಪೃಷ್ಠದಂಥ ಕೆಲವು ಪದಗಳಲ್ಲಿ. ಕೃಷ್ಣಪಕ್ಷದ ಚೌತಿಯಂದು ಚಂದ್ರೋದಯದ ತನಕ ಉಪವಾಸವಿರುವ ಗಣಪತಿ ವ್ರತವೂ ಸಂಕಷ್ಟಹರ ಚತುರ್ಥಿ, ಆಡುಮಾತಿನಲ್ಲಿ ಸಂಕಷ್ಟಿ. ದೇವಸ್ಥಾನಗಳ ಫಲಕದಲ್ಲಿ ‘ಸಂಕಷ್ಠಿ’ ಎಂದಿದ್ದರೂ ನಿಮ್ಮ ಪುಟದಲ್ಲಿ ತಿದ್ದಿ.