ಕಂಪನಿಗಳು ತಾವು ಮಾಡಿದ ಸೇವೆಯನ್ನು ಹೇಳಿಕೊಳ್ಳುವುದು ಬರೀ ತೋರಿಕೆಯಾ?

ನಿಮ್ಮ ಪ್ರಶ್ನೆಯ ಸಾರ ಇಷ್ಟು. ನಿಮ್ಮ ಕಂಪನಿ ವರ್ಷಕ್ಕೊಮ್ಮೆ ‘ಸೇವಾ ದಿನ’ ಮಾಡುತ್ತದೆ. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್, ಹಿಂದೆ ಬ್ಯಾನರ್, ಅರ್ಧ ದಿನ ಕೆಲಸ, ಆಮೇಲೆ ವಾರವಿಡೀ ಲಿಂಕ್ಡ್‌ಇನ್ ತುಂಬಾ ಫೋಟೋ. ಇದು ಸೇವೆನಾ, ಜಾಹೀರಾತಾ? ಮಾಡಿದ್ದನ್ನು ಹೀಗೆ ಊರಿಗೆಲ್ಲ ಹೇಳಿಕೊಳ್ಳುವುದು ಸರಿನಾ? ನಿಜವಾಗಿ ಕೆಲಸ ಮಾಡುವವರು ಯಾರು ಅಂತ ಹೊರಗಿನಿಂದ ಗೊತ್ತಾಗುತ್ತದಾ?

ನಾನು ಕೆಲವು ವರ್ಷ ಆ ಕ್ಯಾಮೆರಾದ ಎದುರು ಬದಿಯಲ್ಲಿದ್ದೆ. ಒಂದು ಸೇವಾ ಸಂಸ್ಥೆಯಲ್ಲಿ ಕಂಪನಿಗಳಿಂದ ಬರುವ ಸ್ವಯಂಸೇವಕರಿಗೆ ಕೆಲಸ ಹೊಂದಿಸಿಕೊಡುವುದು ನನ್ನ ಜವಾಬ್ದಾರಿಯಾಗಿತ್ತು. ಅಲ್ಲಿ ನಿಂತು ನೋಡಿದ್ದನ್ನೇ ಹೇಳುತ್ತೇನೆ. ಹೇಳಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ನಾನು ನೋಡುವುದು ಬೇರೆ. ಯಾವ ಕೆಲಸ ಆಗಬೇಕು ಅಂತ ಗೊತ್ತು ಮಾಡಿದವರು ಯಾರು? ನೆರವು ಬೇಕಾದವರು ಕೇಳಿದ್ದನ್ನು ಕಂಪನಿ ಮಾಡಿದ್ದರೆ, ಆಮೇಲೆ ಎಷ್ಟು ಫೋಟೋ ಹಾಕಿಕೊಂಡರೂ ನನಗೇನೂ ಬೇಜಾರಿಲ್ಲ. ಫೋಟೋದಲ್ಲಿ ಏನು ಚೆನ್ನಾಗಿ ಕಾಣುತ್ತದೆ ಅಂತ ಮೊದಲು ಯೋಚಿಸಿ, ಅದಕ್ಕೆ ತಕ್ಕ ಕೆಲಸ ಹುಡುಕಿಕೊಂಡು ಬಂದಿದ್ದರೆ ಅದನ್ನು ಪ್ರಚಾರದ ಖರ್ಚಿಗೆ ಬರೆದುಕೊಳ್ಳಬೇಕು, ಅಷ್ಟೇ.

ನಮಗೆ ಬರುತ್ತಿದ್ದ ಫೋನ್‌ಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತಿದ್ದವು. “ನಮ್ಮಿಂದ ಎಂಬತ್ತು ಜನ ಬರ್ತಾರೆ. ಶುಕ್ರವಾರ, ಹತ್ತರಿಂದ ಒಂದು ಗಂಟೆವರೆಗೆ. ಎಲ್ಲರೂ ಒಟ್ಟಿಗೆ ಮಾಡೋ ಥರ ಏನಾದ್ರೂ ಕೊಡಿ. ಮಕ್ಕಳ ಜೊತೆ ಆದ್ರೆ ಇನ್ನೂ ಒಳ್ಳೇದು.” ನಿಮಗೆ ಏನು ಬೇಕಾಗಿದೆ ಅಂತ ಕೇಳುವವರು ಅಪರೂಪ.

ಎಂಬತ್ತು ಜನ ಮೂರು ಗಂಟೆಯಲ್ಲಿ ಮುಗಿಸಬಹುದಾದ, ಕಲಿಸಿಕೊಡುವ ಅಗತ್ಯವಿಲ್ಲದ, ಯಾರಿಗೂ ಪೆಟ್ಟಾಗದ ಕೆಲಸ ಯಾವ ಸಂಸ್ಥೆಯಲ್ಲೂ ಸುಮ್ನೆ ಬಿದ್ದಿರುವುದಿಲ್ಲ. ಅದನ್ನು ಹುಟ್ಟಿಸಬೇಕು. ಬ್ರಷ್, ಬಕೆಟ್, ಗ್ಲೌಸ್ ತರಿಸಬೇಕು. ಗೋಡೆ ಉಜ್ಜಿ ತಯಾರು ಮಾಡಿಡಬೇಕು. ಮಕ್ಕಳ ಫೋಟೋ ತೆಗೆಯಲು ಹೆತ್ತವರ ಒಪ್ಪಿಗೆ ಇದೆಯಾ ಅಂತ ಒಂದೊಂದೇ ನೋಡಬೇಕು. ನಮ್ಮ ಕಡೆಯ ನಾಲ್ಕೈದು ಜನ ತಮ್ಮ ಕೆಲಸ ಬಿಟ್ಟು ಅವತ್ತು ಇವರ ಹಿಂದೆಯೇ ಓಡಾಡಬೇಕು. ಎಲ್ಲ ಮುಗಿದು ಬಸ್ಸು ಹೋದ ಮೇಲೆ ಕಿಟಕಿ ಗಾಜಿಗೆ ಹತ್ತಿದ ಬಣ್ಣವನ್ನು ಬ್ಲೇಡಿನಲ್ಲಿ ಕೆರೆಯುವವರೂ ನಾವೇ. ಈ ಖರ್ಚು ಯಾವ ವರದಿಯಲ್ಲೂ ಬರುವುದಿಲ್ಲ. ಈಗ ಕೆಲವು ಸೇವಾ ಸಂಸ್ಥೆಗಳು ಇಂಥ ದಿನ ನಡೆಸಿಕೊಡಲು ಕಂಪನಿಯಿಂದಲೇ ಶುಲ್ಕ ಕೇಳುತ್ತವೆ. ಅದನ್ನು ದುರಾಸೆ ಅಂತ ಆಡಿಕೊಳ್ಳುವವರಿದ್ದಾರೆ. ನನಗಂತೂ ನ್ಯಾಯವಾಗಿಯೇ ಕಾಣುತ್ತದೆ.

ಹಾಗಂತ ಬಂದವರನ್ನು ದೂರುತ್ತಿಲ್ಲ. ಬಹಳಷ್ಟು ಜನ ಮನಸ್ಸಿಟ್ಟೇ ಬರುತ್ತಿದ್ದರು. ಒಮ್ಮೆ ಬಂದ ತಂಡದಲ್ಲಿ ಒಬ್ಬರು ಅಕೌಂಟೆಂಟ್ ಇದ್ದರು. ಬಣ್ಣದ ವಾಸನೆ ಅವರಿಗೆ ಆಗುತ್ತಿರಲಿಲ್ಲ. ಹೊರಗೆ ಎಲ್ಲರೂ ಗೋಡೆಗೆ ಬಣ್ಣ ಹೊಡೆಯುತ್ತಿದ್ದಾಗ ಇವರು ನಮ್ಮ ಆಫೀಸ್ ಒಳಗೆ ಬಂದು ಕೂತರು. ಮೇಜಿನ ಮೇಲೆ ನಮ್ಮ ದೇಣಿಗೆ ಲೆಕ್ಕದ ಎಕ್ಸೆಲ್ ಹಾಳೆ ತೆರೆದಿತ್ತು. ಐದು ನಿಮಿಷ ನೋಡಿ, “ಇದನ್ನ ಪ್ರತಿ ತಿಂಗಳೂ ಕೈಯಲ್ಲೇ ಕೂಡ್ತೀರಾ?” ಅಂದರು. ಹೌದು, ಕೈಯಲ್ಲೇ ಕೂಡುತ್ತಿದ್ದೆವು. ಒಬ್ಬನೇ ದಾನಿಯ ಹೆಸರು ಮೂರು ಥರ ಬರೆದಿತ್ತು, ಹಾಗಾಗಿ ಅವನು ಲೆಕ್ಕದಲ್ಲಿ ಮೂರು ಜನ ಆಗಿದ್ದ. ಕೆಲವು ತಾರೀಖುಗಳಲ್ಲಿ ದಿನ ಮೊದಲು, ಕೆಲವದರಲ್ಲಿ ತಿಂಗಳು ಮೊದಲು. ಅವರು ಪ್ರತಿ ದಾನಿಗೂ ಒಂದು ನಂಬರ್ ಕೊಟ್ಟರು. ಹೆಸರನ್ನು ಟೈಪ್ ಮಾಡುವ ಬದಲು ಪಟ್ಟಿಯಿಂದ ಆರಿಸುವ ಹಾಗೆ ಮಾಡಿದರು. ಯಾವ ಯೋಜನೆಗೆ ಎಷ್ಟು ಬಂತು ಅನ್ನುವುದು ತಾನಾಗಿಯೇ ಕೂಡಿಕೊಂಡು ಬರುವಂತೆ ಇನ್ನೊಂದು ಹಾಳೆ ಕಟ್ಟಿದರು. ಆಮೇಲೆ ನಮ್ಮ ತಿಂಗಳ ಕೊನೆ ಎಷ್ಟು ಹಗುರವಾಯಿತು ಅಂದರೆ, ನಮ್ಮ ಲೆಕ್ಕದವರು ಆ ಹಾಳೆಗೆ ಅವರದೇ ಹೆಸರಿಟ್ಟುಬಿಟ್ಟರು.

ಕಂಪನಿಯ ಒಳಪತ್ರಿಕೆಯಲ್ಲಿ ಆ ದಿನದ ಬಗ್ಗೆ ಅರ್ಧ ಪುಟ ಬಂತು. ಪೂರ್ತಿ ಗೋಡೆಯ ಸುದ್ದಿಯೇ. ಕಂಪ್ಯೂಟರ್ ಮುಂದೆ ಕೂತ ಒಬ್ಬ ಮನುಷ್ಯನ ಫೋಟೋ ಯಾರು ಹಾಕುತ್ತಾರೆ?

ಇಂಥ ಕೆಲಸಕ್ಕೆ ಬೆಲೆ ಇದೆ ಅಂತ ಕಂಡುಕೊಂಡ ಕಂಪನಿಗಳೂ ಇವೆ. ಐಬಿಎಂ 2008ರಲ್ಲಿ ಕಾರ್ಪೊರೇಟ್ ಸರ್ವೀಸ್ ಕೋರ್ ಅಂತ ಶುರು ಮಾಡಿತು. ತನ್ನ ನೌಕರರ ಸಣ್ಣ ಸಣ್ಣ ತಂಡಗಳನ್ನು ಬೇರೆ ದೇಶಗಳಿಗೆ ಸುಮಾರು ಒಂದು ತಿಂಗಳ ಮಟ್ಟಿಗೆ ಕಳಿಸಿ, ಅಲ್ಲಿನ ಸ್ಥಳೀಯ ಸರ್ಕಾರ ಮತ್ತು ಸಂಸ್ಥೆಗಳ ಜೊತೆ ತಮಗೆ ಗೊತ್ತಿರುವ ಕೆಲಸವನ್ನೇ ಮಾಡಿಸಿತು. ಸೇಲ್ಸ್‌ಫೋರ್ಸ್ ಅನ್ನುವ ಸಾಫ್ಟ್‌ವೇರ್ ಕಂಪನಿ 1999ರಲ್ಲಿ ಹುಟ್ಟುವಾಗಲೇ ಷೇರು, ಉತ್ಪನ್ನ ಮತ್ತು ನೌಕರರ ಸಮಯ, ಮೂರರಲ್ಲೂ ಶೇಕಡಾ ಒಂದನ್ನು ಸೇವೆಗೆ ಎತ್ತಿಡುವ ಪದ್ಧತಿ ಇಟ್ಟುಕೊಂಡಿತು. ಅದಕ್ಕಿಂತ ಹಳೆಯದು ಜನರಲ್ ಎಲೆಕ್ಟ್ರಿಕ್ 1954ರಲ್ಲಿ ತಂದ ಪದ್ಧತಿ. ನೌಕರ ಕೊಟ್ಟಷ್ಟೇ ಹಣವನ್ನು ಕಂಪನಿಯೂ ಸೇರಿಸಿ ಕೊಡುತ್ತದೆ. ನನಗೆ ಇದು ಇಷ್ಟ. ಹಣ ಯಾರಿಗೆ ಹೋಗಬೇಕು ಅನ್ನುವ ಆಯ್ಕೆ ಇಲ್ಲಿ ಪ್ರಚಾರ ವಿಭಾಗದ ಕೈಯಿಂದ ತಪ್ಪಿ ನೌಕರನ ಕೈಗೆ ಬರುತ್ತದೆ. ಫೋಟೋ ತೆಗೆಯಲು ಏನೂ ಉಳಿಯುವುದಿಲ್ಲ, ಬೇಕಿದ್ದರೆ ಬ್ಯಾಂಕ್ ರಸೀದಿಯದ್ದು ತೆಗೆಯಬಹುದು.

ಸ್ವಯಂಸೇವೆಯಿಂದ ಕಂಪನಿಗೂ ಲಾಭ ಇದೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಬ್ರಿಟನ್ನಿನ 46,000ಕ್ಕೂ ಹೆಚ್ಚು ನೌಕರರ ಸಮೀಕ್ಷೆ ಇಟ್ಟುಕೊಂಡು ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒತ್ತಡ ನಿಭಾಯಿಸುವ ತರಬೇತಿ, ಧ್ಯಾನದ ಆ್ಯಪ್ ಅಂತೆಲ್ಲ ಕಂಪನಿಗಳು ಕೊಡುವ ಸವಲತ್ತು ಬಳಸಿದವರು ಬಳಸದವರಿಗಿಂತ ನೆಮ್ಮದಿಯಾಗಿಯೇನೂ ಇರಲಿಲ್ಲ. ಸ್ವಲ್ಪ ಒಳ್ಳೆಯದು ಮಾಡಿದಂತೆ ಕಂಡದ್ದು ಸ್ವಯಂಸೇವೆಯ ಅವಕಾಶ ಮಾತ್ರ. ಆದರೆ ‘ಎಲ್ಲರೂ ಕಡ್ಡಾಯವಾಗಿ ಬರಬೇಕು, ಹಾಜರಾತಿ ತೆಗೆದುಕೊಳ್ಳಲಾಗುವುದು’ ಅಂತ ಮೇಲ್ ಬಂದ ಮೇಲೆ ಅದು ಸ್ವಯಂಸೇವೆ ಹೇಗಾಗುತ್ತದೆ? ಶನಿವಾರದ ಡ್ಯೂಟಿ ಆಗುತ್ತದೆ.

ಇನ್ನು ಹೇಳಿಕೊಳ್ಳುವ ವಿಷಯ. ಒಳ್ಳೆಯ ಕೆಲಸ ಮತ್ತು ವ್ಯಾಪಾರ ಎರಡನ್ನೂ ಮುಚ್ಚುಮರೆ ಇಲ್ಲದೆ ಒಟ್ಟಿಗೆ ಮಾಡಿದ ಹೆಸರುವಾಸಿ ಉದಾಹರಣೆ ಅಮೆರಿಕನ್ ಎಕ್ಸ್‌ಪ್ರೆಸ್‌ನದು. 1983ರ ಕೊನೆಯ ತಿಂಗಳುಗಳಲ್ಲಿ ಅವರ ಕಾರ್ಡ್ ಉಜ್ಜಿದಾಗಲೆಲ್ಲ ಒಂದು ಸೆಂಟ್, ಹೊಸ ಕಾರ್ಡ್ ತೆಗೆದುಕೊಂಡರೆ ಒಂದು ಡಾಲರ್, ನ್ಯೂಯಾರ್ಕ್‌ನ ಸ್ವಾತಂತ್ರ್ಯ ದೇವಿ ಪ್ರತಿಮೆಯ ದುರಸ್ತಿಗೆ ಹೋಗುತ್ತಿತ್ತು. 17 ಲಕ್ಷ ಡಾಲರ್ ಕೂಡಿತು. ಕಾರ್ಡ್ ಬಳಕೆಯೂ ಚೆನ್ನಾಗಿ ಏರಿತು. ಇದರಲ್ಲಿ ಮೋಸ ಎಲ್ಲಿದೆ? ಎಷ್ಟು ಖರ್ಚು ಮಾಡಿದರೆ ಎಷ್ಟು ಹೋಗುತ್ತದೆ ಅಂತ ಮೊದಲೇ ಹೇಳಿದ್ದರು. ‘ಮಾರಾಟದ ಒಂದು ಭಾಗವನ್ನು ಒಳ್ಳೆಯ ಉದ್ದೇಶಕ್ಕೆ ನೀಡಲಾಗುವುದು’ ಅನ್ನುವ ಸಾಲು ಕಂಡಾಗ ಮಾತ್ರ ಎಚ್ಚರ. ಎಷ್ಟು ಭಾಗ, ಯಾರಿಗೆ, ಯಾವಾಗ, ಯಾವುದೂ ಇರುವುದಿಲ್ಲ.

ಅದರ ಪಕ್ಕದಲ್ಲಿ ಸಿಗರೇಟ್ ಕಂಪನಿ ಫಿಲಿಪ್ ಮಾರಿಸ್ ಅನ್ನು ಇಟ್ಟು ನೋಡಿ. 1999ರಲ್ಲಿ ಅದು ದಾನ ಧರ್ಮಕ್ಕೆ 7.5 ಕೋಟಿ ಡಾಲರ್ ಕೊಟ್ಟಿತು. ಕೊಟ್ಟಿದ್ದನ್ನು ಜನಕ್ಕೆ ತಿಳಿಸುವ ಜಾಹೀರಾತಿಗೆ 10 ಕೋಟಿ ಡಾಲರ್ ಸುರಿಯಿತು. ಈ ಎರಡು ಅಂಕಿ ಸಿಕ್ಕಿದ ಮೇಲೆ ಇನ್ನೇನೂ ಕೇಳಬೇಕಾಗಿಲ್ಲ, ಅಲ್ವಾ? ಯಾವ ಕಂಪನಿಯ ಬಗ್ಗೆಯಾದರೂ ಕೆಲಸಕ್ಕೆ ಎಷ್ಟು, ಕೆಲಸದ ಪ್ರಚಾರಕ್ಕೆ ಎಷ್ಟು ಅಂತ ತಿಳಿಯಲು ಸಾಧ್ಯವಿದ್ದರೆ ಮೊದಲು ಅದನ್ನೇ ತಿಳಿದುಕೊಳ್ಳಿ.

ಪ್ರಶಸ್ತಿ, ರ‍್ಯಾಂಕ್‌ಗಳನ್ನು ನಾನು ಜಾಸ್ತಿ ನೆಚ್ಚಿಕೊಳ್ಳುವುದಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಪರಿಸರ, ಸಮಾಜದ ಕಾಳಜಿಯಲ್ಲಿ ಕಂಪನಿಗಳನ್ನು ಅಳೆಯುವ ಡೌ ಜೋನ್ಸ್ ಸುಸ್ಥಿರತಾ ಸೂಚ್ಯಂಕ ಫೋಕ್ಸ್‌ವ್ಯಾಗನ್‌ಗೆ ಕಾರು ಕಂಪನಿಗಳಲ್ಲೇ ಮೊದಲ ಸ್ಥಾನ ಕೊಟ್ಟಿತ್ತು. ಅದೇ ತಿಂಗಳು, ಹೊಗೆ ಪರೀಕ್ಷೆಯನ್ನು ಯಾಮಾರಿಸುವ ಸಾಫ್ಟ್‌ವೇರನ್ನು ಅದು ತನ್ನ ಡೀಸೆಲ್ ಕಾರುಗಳಲ್ಲಿ ಹಾಕಿದ್ದು ಬಯಲಾಯಿತು. ಪಟ್ಟಿಯಿಂದ ತೆಗೆದುಹಾಕಿದರು. ತೈಲ ಕಂಪನಿ ಬಿಪಿ 2000ದಲ್ಲಿ ಹಸಿರು ಹಳದಿ ಹೂವಿನಂಥ ಹೊಸ ಲಾಂಛನ ತಂದು, ತಾನು ಪೆಟ್ರೋಲಿಯಂ ಆಚೆಗೆ ಹೋಗುತ್ತಿದ್ದೇನೆ ಅಂತ ಸಾರಿತು. ಹತ್ತು ವರ್ಷದ ನಂತರ ಮೆಕ್ಸಿಕೋ ಕೊಲ್ಲಿಯಲ್ಲಿ ಅದಕ್ಕಾಗಿ ಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ಅನ್ನುವ ತೇಲು ವೇದಿಕೆ ಸ್ಫೋಟಿಸಿ 11 ಕೆಲಸಗಾರರು ಸತ್ತರು, ತಿಂಗಳುಗಟ್ಟಲೆ ಎಣ್ಣೆ ಸಮುದ್ರಕ್ಕೆ ಹರಿಯಿತು. ಆ ಹೂವಿನ ಲಾಂಛನ ಆಗ ವ್ಯಂಗ್ಯಚಿತ್ರ ಬರೆಯುವವರಿಗೆ ಒಳ್ಳೆಯ ಸಾಮಗ್ರಿಯಾಯಿತು. ಕಂಪನಿಯ ಮುಖ್ಯ ವ್ಯಾಪಾರ ಹೇಗೆ ನಡೆಯುತ್ತಿದೆ ಅಂತ ನೋಡದೆ ಅದರ ಸೇವೆಯ ಪುಟವನ್ನಷ್ಟೇ ಓದಿದರೆ ಹೀಗೇ ಆಗುವುದು.

ನನಗೆ ತುಂಬಾ ಹಿಡಿಸಿದ ಪ್ರಕರಣ ಟಾಮ್ಸ್ ಅನ್ನುವ ಶೂ ಕಂಪನಿಯದು. 2006ರಲ್ಲಿ ಶುರುವಾದದ್ದು. ನೀವು ಒಂದು ಜೊತೆ ಕೊಂಡರೆ ಬಡ ಮಗುವಿಗೆ ಇನ್ನೊಂದು ಜೊತೆ ಉಚಿತ. ಎಷ್ಟು ಸರಳ ಅಂದರೆ ಅಂಗಡಿಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ನೋಡಿದವರಿಗೆ ಕಣ್ಣು ತುಂಬಿಬರುವ ಫೋಟೋಗಳು. ಆಮೇಲೆ ಟೀಕೆ ಶುರುವಾಯಿತು: ಮಕ್ಕಳಿಗೆ ನಿಜವಾಗಿ ಬೇಕಾಗಿದ್ದು ಶೂನಾ? ಬೇರೆ ಕಂಪನಿಯಾಗಿದ್ದರೆ ಇನ್ನಷ್ಟು ಫೋಟೋ ಹಾಕುತ್ತಿತ್ತೇನೋ. ಇವರು ಸಂಶೋಧಕರನ್ನು ಒಳಗೆ ಬಿಟ್ಟರು. ಎಲ್ ಸಾಲ್ವಡೋರ್ ದೇಶದಲ್ಲಿ ಅರ್ಥಶಾಸ್ತ್ರಜ್ಞ ಬ್ರೂಸ್ ವೈಡಿಕ್ ಮತ್ತು ಸಂಗಡಿಗರು ಶೂ ಸಿಕ್ಕ ಮಕ್ಕಳನ್ನೂ ಸಿಗದ ಮಕ್ಕಳನ್ನೂ ಹೋಲಿಸಿ ನೋಡಿದರು. ಮಕ್ಕಳು ಶೂ ಹಾಕಿಕೊಂಡರು, ಇಷ್ಟವೂ ಪಟ್ಟರು. ಆದರೆ ಬದುಕಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ನಮ್ಮ ಮನೆಯ ಅಗತ್ಯಗಳನ್ನು ಬೇರೆಯವರು ಪೂರೈಸಬೇಕು ಅಂತ ಹೇಳುವವರು ಮಾತ್ರ ಶೂ ಸಿಕ್ಕ ಮಕ್ಕಳಲ್ಲಿ ಜಾಸ್ತಿ ಇದ್ದರು. ಕಂಪನಿಗೆ ಇದು ಕಹಿ ಫಲಿತಾಂಶ. ಆದರೂ ಪ್ರಕಟವಾಯಿತು. ಮುಂದೆ ಟಾಮ್ಸ್ ಆ ಜೊತೆಗೊಂದು ಜೊತೆ ಪದ್ಧತಿಯನ್ನೇ ಕೈಬಿಟ್ಟು, ಲಾಭದ ಮೂರನೇ ಒಂದು ಭಾಗವನ್ನು ತಳಮಟ್ಟದಲ್ಲಿ ಕೆಲಸ ಮಾಡುವ ಸಂಸ್ಥೆಗಳಿಗೆ ಕೊಡುವ ದಾರಿ ಹಿಡಿಯಿತು. ಮಾರಾಟಕ್ಕೆ ಇದು ಮೊದಲಿನಷ್ಟು ಸಲೀಸಾದ ಕಥೆ ಅಲ್ಲ. ಆದರೆ ನೆರವು ಪಡೆಯುವವರ ಅಗತ್ಯಕ್ಕೆ ಇದೇ ಹತ್ತಿರ.

ಹಾಗಾಗಿ ಕಂಪನಿಯ ಸಿಎಸ್‌ಆರ್ ವರದಿ, ಅಂದರೆ ಸಮಾಜಕ್ಕಾಗಿ ಏನು ಮಾಡಿದೆವು ಅಂತ ಅದು ಹೇಳುವ ವರದಿ, ಕೈಗೆ ಬಂದರೆ ನಾನು ಫೋಟೋ ಪುಟಗಳನ್ನು ದಾಟಿ, ಏನು ಆಗಲಿಲ್ಲ ಅಂತ ಎಲ್ಲಾದರೂ ಬರೆದಿದ್ದಾರಾ ಅಂತ ಹುಡುಕುತ್ತೇನೆ. ಹೋದ ವರ್ಷದ ಗುರಿ ತಪ್ಪಿದ್ದು, ಅರ್ಧಕ್ಕೆ ನಿಂತ ಯೋಜನೆ, ಹೀಗೆ ಏನಾದರೂ. ಒಂದೂ ಇಲ್ಲದಿದ್ದರೆ ಅದು ವರದಿಯಲ್ಲ, ಬಣ್ಣದ ಕರಪತ್ರ. ಲೆಕ್ಕ ಕೊಡುವ ರೀತಿಯನ್ನೂ ನೋಡಿ. ‘10,000 ಗಂಟೆ ಸ್ವಯಂಸೇವೆ’ ಅನ್ನುವುದು ನಾವು ಎಷ್ಟು ಸುರಿದೆವು ಅನ್ನುವ ಲೆಕ್ಕ. ಅದರಿಂದ ಯಾರಿಗೆ ಏನಾಯಿತು ಅನ್ನುವುದಕ್ಕೆ ಅಲ್ಲಿ ಉತ್ತರ ಇಲ್ಲ. ಒಂದು ವರ್ಷ ಗಂಟೆಗಳಲ್ಲಿ, ಮುಂದಿನ ವರ್ಷ ‘ಮುಟ್ಟಿದ ಜೀವಗಳು’ ಅಂತ ಅಳತೆಯನ್ನೇ ಬದಲಿಸಿದ್ದರೆ ಹಿಂದಿನದರಲ್ಲಿ ಏನೋ ಕಡಿಮೆಯಾಗಿದೆ ಅಂತಲೇ ನನ್ನ ಗುಮಾನಿ.

ಕಾನೂನು ಕೂಡ ನಿಧಾನವಾಗಿ ಈ ಕಡೆ ಬರುತ್ತಿದೆ. ಭಾರತದಲ್ಲಿ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಅನ್ನುವ ನಿಯಮ 2014ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದೇ ವರ್ಷ ಸರ್ಕಾರ ಹೊರಡಿಸಿದ ಸುತ್ತೋಲೆಯಲ್ಲಿ ಮ್ಯಾರಥಾನ್, ಪ್ರಶಸ್ತಿ ಸಮಾರಂಭ, ಜಾಹೀರಾತು, ಟಿವಿ ಕಾರ್ಯಕ್ರಮದ ಪ್ರಾಯೋಜನೆ ಇಂಥ ಒಂದು ಸಲದ ಖರ್ಚುಗಳು ಲೆಕ್ಕಕ್ಕೆ ಬರುವುದಿಲ್ಲ ಅಂತ ಹೇಳಿತು. ಯುರೋಪಿಯನ್ ಒಕ್ಕೂಟ 2024ರಲ್ಲಿ, ಆಧಾರ ಇಲ್ಲದೆ ‘ಪರಿಸರ ಸ್ನೇಹಿ’ ಅಂತ ಬರೆದುಕೊಳ್ಳುವುದಕ್ಕೆ ತಡೆ ಹಾಕುವ ನಿರ್ದೇಶನ ತಂದಿದೆ.

ನಿಮ್ಮ ಕಂಪನಿಯ ವಿಷಯಕ್ಕೆ ಬಂದರೆ, ಸುಮ್ನೆ ಗೊಣಗಿಕೊಂಡು ಟೀ ಶರ್ಟ್ ಹಾಕಿಕೊಳ್ಳಬೇಡಿ. ಇದನ್ನು ನೋಡಿಕೊಳ್ಳುವವರಿಗೆ ಒಂದು ಮೇಲ್ ಹಾಕಿ. ಮೂರೇ ವಿಷಯ ಕೇಳಿ: ಈ ಕೆಲಸವನ್ನು ಕೇಳಿದ್ದು ಆ ಸಂಸ್ಥೆಯವರಾ? ದಿನ ನಡೆಸಿಕೊಡುವ ಖರ್ಚನ್ನು ಅವರಿಗೆ ಕೊಡುತ್ತಿದ್ದೇವಾ? ಮುಂದಿನ ತಿಂಗಳೂ ಯಾರಾದರೂ ಹೋಗುತ್ತಾರಾ? ಕುಹಕದ ಧಾಟಿ ಬೇಡ. ಆ ವಿಭಾಗದಲ್ಲಿ ಕೂತವರಿಗೂ ಎಷ್ಟೋ ಸಲ ಇದೇ ಪ್ರಶ್ನೆಗಳಿರುತ್ತವೆ, ಮೇಲಿನವರಿಗೆ ತೋರಿಸಲು ನೌಕರರ ಒಂದು ಮೇಲ್ ಬೇಕಾಗಿರುತ್ತದೆ. ನಿಮಗೆ ಬರುವ ಕೆಲಸ ಲೆಕ್ಕವೋ, ಡಿಸೈನೋ, ಕಾನೂನೋ, ಅದನ್ನೇ ಮಾಡಿಕೊಡುತ್ತೇನೆ ಅಂತಲೂ ಬರೆಯಿರಿ. ಸಂಸ್ಥೆಯ ಫೋನ್ ನಂಬರ್ ಸಿಕ್ಕರೆ ನೀವೇ ನೇರವಾಗಿ ಕೇಳಿ. ಎಂಬತ್ತು ಜನಕ್ಕೆ ಕೆಲಸ ಹುಡುಕಿ ಸುಸ್ತಾದವರು ಒಬ್ಬರು ಅಕೌಂಟೆಂಟಿಗೆ ಇಲ್ಲ ಅನ್ನುವುದಿಲ್ಲ.