ಬಾಟಲಿ ನೋಡಬೇಡಿ, ರುಚಿ ನೋಡಿ

ಪ್ರಶ್ನೆ: ಸರ್, ನಾನಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಮೈಸೂರಿನಿಂದ ಭಾವ ಬಂದಿದ್ದಾರೆ. ಜ್ಯಾಕ್ ಡೇನಿಯಲ್ಸ್ ವಿಸ್ಕಿ ಕೂಡ ಬರ್ಬನ್ನೇ ಅಂತ ಅವರು, ಅಲ್ಲ ಅಂತ ನಾನು. ರೇಟು ಜಾಸ್ತಿ ಇದ್ದದ್ದೇ ಒಳ್ಳೆಯದು ಅಂತ ಬೇರೆ ವಾದ. ನಾಲ್ಕು ಬಾಟಲಿ ತಂದು ಮನೆಯಲ್ಲೇ ಪರೀಕ್ಷೆ ಮಾಡೋಣ ಅಂತಿದ್ದೇವೆ. ಹೇಗೆ ಮಾಡೋದು?
- ಹೆಸರು ಬೇಡ ಎಂದವರು

ಉತ್ತರ: ಮೊದಲು ಜಗಳ ಮುಗಿಸೋಣ. ಬರ್ಬನ್ ಅಂದರೆ ಅಮೆರಿಕದ ಒಂದು ಬಗೆಯ ವಿಸ್ಕಿ. ಬರ್ಬನ್‌ಗೆ ಹಾಕುವ ಕಾಳಿನಲ್ಲಿ ಶೇ. 51 ಆದರೂ ಮೆಕ್ಕೆಜೋಳ ಇರಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಮಾಗಬೇಕು, ಬಣ್ಣ ಬೆರೆಸುವ ಹಾಗಿಲ್ಲ. ಜ್ಯಾಕ್‌ನಲ್ಲಿ ಶೇ. 80 ಮೆಕ್ಕೆಜೋಳವೇ ಇದೆ. ಆದರೆ ಪೀಪಾಯಿಗೆ ತುಂಬುವ ಮೊದಲು ಮೇಪಲ್ ಮರದ ಇದ್ದಿಲಿನಲ್ಲಿ ಹನಿಹನಿಯಾಗಿ ಸೋಸುತ್ತಾರೆ, ಟೆನೆಸ್ಸಿ ವಿಸ್ಕಿ ಅಂತಲೇ ಹೆಸರು ಹಾಕಿಕೊಳ್ಳುತ್ತಾರೆ. ಹಾಗಾಗಿ ಭಾವ ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ಬಿಟ್ಟುಕೊಡಿ, ಅತ್ತೆ ಮನೆ ಕಡೆಯವರು.

ಈಗ ಪರೀಕ್ಷೆ. ಜಿಮ್ ಬೀಮ್, ಜ್ಯಾಕ್, ಮೇಕರ್ಸ್ ಮಾರ್ಕ್, ರಿಟನ್‌ಹೌಸ್ ರೈ (ರೈ ಅಂದರೆ ಗೋಧಿಯ ಹತ್ತಿರದ ಒಂದು ಕಾಳು) ತನ್ನಿ. ಯಾವುದೂ ಕೈ ಸುಡುವ ರೇಟಿನದ್ದಲ್ಲ, ಒಂದರ ಹಾಗೆ ಇನ್ನೊಂದಿಲ್ಲ. ಮೇಕರ್ಸ್‌ನಲ್ಲಿ ರೈ ಬದಲು ಗೋಧಿ ಇದೆ, ಅದಕ್ಕೇ ಮೆತ್ತಗೆ ಇಳಿಯುತ್ತದೆ. ರೈ ವಿಸ್ಕಿಯಲ್ಲಿ ಮೆಣಸು, ಲವಂಗದ ಖಾರ.

ಸುರಿಯುವ ಕೆಲಸ ಮಾತ್ರ ನೀವಿಬ್ಬರೂ ಮಾಡಬೇಡಿ. ಮನೆಯವರಿಗೆ ಹೇಳಿ, ಒಳಗೆ ಅಡುಗೆಮನೆಯಲ್ಲಿ ಲೋಟದ ತಳಕ್ಕೆ ನಂಬರ್ ಚೀಟಿ ಅಂಟಿಸಿ, 20 ಮಿಲಿಯಂತೆ ಹಾಕಿ ತರಲಿ. ಯಾಕೆ ಅಂದರೆ, ಲೇಬಲ್ ಕಂಡ ಮೇಲೆ ನಾಲಿಗೆ ಸುಳ್ಳು ಹೇಳುತ್ತದೆ. ನಾನೊಮ್ಮೆ ಸ್ನೇಹಿತರ ಮುಂದೆ ದೊಡ್ಡದಾಗಿ ಭಾಷಣ ಬಿಗಿದು, ಕೊನೆಗೆ ಚೀಟಿ ತಿರುಗಿಸಿದರೆ ಮೊದಲ ನಂಬರ್ ಕೊಟ್ಟಿದ್ದು ಎಲ್ಲಕ್ಕಿಂತ ಅಗ್ಗದ ಜಿಮ್ ಬೀಮ್‌ಗೆ, ಮೂರು ತಿಂಗಳು ಕಾಪಾಡಿಟ್ಟಿದ್ದ ದುಬಾರಿ ಬಾಟಲಿ ಕೊನೆಗೆ ಹೋಗಿತ್ತು. ಆ ಭಾಷಣ ಅವರು ಇನ್ನೂ ಮರೆತಿಲ್ಲ.

ಇನ್ನೊಂದು ಮೋಸ ಆಲ್ಕೋಹಾಲ್‌ನದ್ದು. ಜಿಮ್ ಬೀಮ್ ಶೇ. 40, ಜ್ಯಾಕ್ ಕೂಡ ಅಷ್ಟೇ ಅಂದುಕೊಳ್ಳಿ, ಮೇಕರ್ಸ್ 45, ರಿಟನ್‌ಹೌಸ್ 50. ಜಾಸ್ತಿ ಇದ್ದದ್ದು ಜೋರಾಗಿ ಬಡಿಯುತ್ತದೆ, ಅದನ್ನೇ ರುಚಿ ಅಂದುಕೊಳ್ಳುತ್ತೇವೆ. ಉಪಾಯ ಸುಲಭ. 20 ಮಿಲಿ ರಿಟನ್‌ಹೌಸ್‌ಗೆ ಒಂದು ಟೀ ಚಮಚ ನೀರು, ಮೇಕರ್ಸ್‌ಗೆ ಅರ್ಧ ಚಮಚ. ಎಲ್ಲವೂ 40ಕ್ಕೆ ಬಂದು ಕೂರುತ್ತವೆ. ಐಸ್ ಬೇಡ, ತಣ್ಣಗಾದರೆ ವಾಸನೆ ಮುದುರಿಕೊಳ್ಳುತ್ತದೆ. ಕಾಂಗ್ರೆಸ್ ಕಡಲೆಬೀಜ ಕೊನೆಗೆ ಇರಲಿ, ಮಧ್ಯೆ ಒಣ ಬ್ರೆಡ್ಡು, ನೀರು ಸಾಕು.

ಲೋಟಕ್ಕೆ ಮೂಗು ತುರುಕಬೇಡಿ, ಬಾಯಿ ಸ್ವಲ್ಪ ತೆರೆದು ಮೂಸಿ. ಪುಸ್ತಕದ ಮಾತು ಹುಡುಕಬೇಡಿ, ನಿಮಗೆ ಗೊತ್ತಿರುವ ವಾಸನೆಯ ಹೆಸರೇ ಬರೆಯಿರಿ. ಜ್ಯಾಕ್‌ನಲ್ಲಿ ನನಗೆ ಸಿಗುವುದು ಕಪ್ಪಾಗುವಷ್ಟು ಹಣ್ಣಾದ ಬಾಳೆಹಣ್ಣು. ಜಿಮ್ ಬೀಮ್‌ನಲ್ಲಿ ಹುರಿದ ಕಡಲೆಕಾಯಿ. ಬೆಲ್ಲದ ಪಾಕ ಎಲ್ಲದರಲ್ಲೂ ಸಿಕ್ಕೀತು, ಅದು ಸುಟ್ಟ ಓಕ್‌ನ ಕೊಡುಗೆ. ಭಾವನ ಚೀಟಿ ನೋಡದೆ ಬರೆಯಿರಿ, ಇಲ್ಲದಿದ್ದರೆ ಇಬ್ಬರಿಗೂ ಬಾಳೆಹಣ್ಣೇ!

ಪ್ರಶ್ನೆ: ಬರ್ಬನ್ ಕೆಂಟಕಿಯಲ್ಲೇ ಮಾಡಬೇಕಾ?
- ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲ. ಅಮೆರಿಕದ ಯಾವ ರಾಜ್ಯದಲ್ಲಾದರೂ ಸರಿ. ಹೆಚ್ಚಿನದು ಕೆಂಟಕಿಯದ್ದು, ಅಷ್ಟೇ.

ಪ್ರಶ್ನೆ: ಬರ್ಬನ್ ಕುಡಿದಾಗ ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ವಿಸ್ಕಿ ನೆನಪಾಗುತ್ತದೆ. ಸುಮ್ನೆ ಭ್ರಮೆಯಾ?
- ಓದುಗರು, ಬೆಂಗಳೂರು

ಉತ್ತರ: ಭ್ರಮೆ ಅಲ್ಲ. ಬರ್ಬನ್‌ಗೆ ಪ್ರತಿ ಸಲ ಹೊಸ ಪೀಪಾಯಿ ಬೇಕು, ಹಳೆಯದನ್ನು ಮಾರಿಬಿಡುತ್ತಾರೆ. ಅವು ಸ್ಕಾಟ್ಲೆಂಡಿಗೂ ಹೋಗುತ್ತವೆ, ಬೆಂಗಳೂರಿಗೂ ಬರುತ್ತವೆ. ಅಮೃತ್ ಹೆಚ್ಚಾಗಿ ಮಾಗುವುದು ಅಂಥ ಪೀಪಾಯಿಗಳಲ್ಲಿ. ಕಾಳು ಬಾರ್ಲಿ, ಆದರೆ ವೆನಿಲ್ಲಾ ವಾಸನೆಯಲ್ಲಿ ಒಂದು ಪಾಲು ಕೆಂಟಕಿಯಿಂದ ಬಂದ ಮರದ್ದು.